ಬಣ್ಣದ ವೇಷವೂ ಹುಟ್ಟಿನ ಬಣ್ಣವೂ

ಕೇಳುಗರಿಗೆ ನಮಸ್ಕಾರ. ಅನಿಮೇಷನ್ ಪಾತ್ರಗಳಿಗೆ ನಾವು ಕೊಡುವ ರೂಪದ ಬಗ್ಗೆ ಇಂದು ಮಾತನಾಡುತ್ತೇನೆ, ಆದರೆ ನಮ್ಮ ಕರಾವಳಿಯ ವೇಷಗಳಿಂದ ಆರಂಭಿಸುತ್ತೇನೆ.

ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ, ಬಣ್ಣದ ವೇಷಧಾರಿ ಚಿಟ್ಟಿ ಎಂಬ ಅಕ್ಕಿಹಿಟ್ಟಿನ ಚುಕ್ಕೆಗಳನ್ನು ಒಂದೊಂದಾಗಿ ಮುಖಕ್ಕೆ ಇಡುವುದನ್ನು ನಮ್ಮಲ್ಲಿ ಹಲವರು ಹತ್ತಿರದಿಂದ ನೋಡಿದ್ದೇವೆ. ಗಂಟೆಗಟ್ಟಲೆ ನಡೆಯುವ ಆ ಕೆಲಸ ಮುಗಿದಾಗ ಕಾಣುವುದು ಯಾವ ಊರಿನ, ಯಾವ ಜಾತಿಯ ಮುಖವೂ ಅಲ್ಲ. ಅದು ಮಹಿಷಾಸುರನ ಕ್ರೌರ್ಯಕ್ಕೆ ಕೊಟ್ಟ ರೂಪ. ಬೆಳಗಿನ ಜಾವ ಎಣ್ಣೆ ಹಚ್ಚಿ ಒರೆಸಿದರೆ ಅದು ಅಳಿದುಹೋಗುತ್ತದೆ.

ಆದರೆ ಇದೇ ಕರಾವಳಿಯಲ್ಲಿ ಹಬ್ಬದ ದಿನಗಳಲ್ಲಿ ಮೈಗೆ ಮಸಿ ಬಳಿದು, ತಲೆಗೆ ಅಡಿಕೆ ಹಾಳೆಯ ಟೋಪಿಯಾದ ಮುಟ್ಟಾಳೆ ಇಟ್ಟು ಕುಣಿಯುವ ‘ಕೊರಗ ವೇಷ’ವೂ ಇತ್ತು. ನೋಡಿದವರಿಗೆ ಅದು ತಮಾಷೆಯಾಗಿತ್ತು. ಇಲ್ಲಿನ ಬುಡಕಟ್ಟಾದ ಕೊರಗ ಸಮುದಾಯದವರಿಗೆ, ತಮ್ಮ ಮೈಬಣ್ಣವನ್ನೂ ಉಡುಗೆಯನ್ನೂ ನಡುಬೀದಿಯಲ್ಲಿ ಹಂಗಿಸಿದಂತಿತ್ತು. ಅವರನ್ನು ಕೀಳಾಗಿ ಕಾಣುವ ಅಜಲು ಪದ್ಧತಿಯನ್ನು ನಿಷೇಧಿಸಿ 2000ದಲ್ಲಿ ಕಾಯ್ದೆ ಬಂದಿತು. ವೇಷದ ವಿರುದ್ಧವೂ ಆ ಸಮುದಾಯವೇ ದನಿ ಎತ್ತಿತು. ಬಳಿದವನು ಮಸಿಯನ್ನು ಸಂಜೆ ತೊಳೆದುಕೊಳ್ಳುತ್ತಾನೆ, ಅದು ಅಂಟಿಸಿದ ಹೆಸರನ್ನು ಮಾತ್ರ ಇನ್ನೊಬ್ಬರು ಹೊತ್ತು ನಡೆಯಬೇಕಾಗುತ್ತದೆ.

ಅನಿಮೇಷನ್ ಪಾತ್ರಗಳ ವಿಷಯದಲ್ಲಿ ಈ ವ್ಯತ್ಯಾಸವನ್ನು ಮರೆಯಲೇಬಾರದು ಎಂದು ನಾನು ಭಾವಿಸುತ್ತೇನೆ. ನಟನ ಮೂಗು ಹುಟ್ಟಿನಿಂದ ಬಂದದ್ದು. ಚಿತ್ರಿಸಿದ ಪಾತ್ರದ ಮೂಗನ್ನಾದರೋ ಯಾರೋ ಕುಳಿತು ತೀರ್ಮಾನಿಸಿರುತ್ತಾರೆ. ಡಿಸ್ನಿಯ 1992ರ ‘ಅಲ್ಲಾದೀನ್’ ಚಿತ್ರದಲ್ಲಿ ನಾಯಕ ಅಮೆರಿಕದವರಂತೆಯೇ ಇಂಗ್ಲಿಷ್ ಮಾತನಾಡುತ್ತಾನೆ, ಸಂತೆಯ ವ್ಯಾಪಾರಿಗಳಿಗೆ ಮಾತ್ರ ಕೊಕ್ಕೆಮೂಗು ಮತ್ತು ಅರಬ್ ಉಚ್ಚಾರಣೆ. ಅರಬ್ ಮೂಲದ ಅಮೆರಿಕನ್ನರ ಪ್ರತಿಭಟನೆಯ ನಂತರ 1993ರಲ್ಲಿ ಅದರ ಹಾಡಿನ ಸಾಲೊಂದನ್ನು ಬದಲಿಸಲಾಯಿತು. ಮುಖಗಳು ಹಾಗೆಯೇ ಉಳಿದವು. ನಮ್ಮ ‘ಎಂತ ಮಾರಾಯ್ರೆ’ ಎಂಬ ಮಾತನ್ನು ಬೇರೆಯವರು ಬರೀ ನಗಿಸಲು ಬಳಸಿದಾಗ ಆಗುವ ಕಸಿವಿಸಿಯನ್ನು ಬಲ್ಲ ನಮಗೆ ಈ ನೋವು ಅಪರಿಚಿತವಲ್ಲ.

ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ ಅಮರ ಚಿತ್ರಕಥೆ ಪುರಾಣಗಳನ್ನು ಮಕ್ಕಳ ಕೈಗಿತ್ತಿತು. ಆ ಋಣ ದೊಡ್ಡದು. ಆದರೂ ಅಲ್ಲಿಯ ಅಸುರರು ಅನೇಕ ಕಡೆ ಕಪ್ಪು ಮೈಯವರೇ ಆಗಿರುವುದನ್ನು ಮಕ್ಕಳ ಕಣ್ಣು ಗಮನಿಸದೆ ಇರುವುದಿಲ್ಲ.

ಪಾತ್ರವಿನ್ಯಾಸ ಕಲಿಯುತ್ತಿರುವ ಮಂಗಳೂರು, ಉಡುಪಿಯ ತರುಣರಲ್ಲಿ ನನ್ನದೊಂದು ವಿನಂತಿಯಿದೆ. ಮೀನು ಮಾರುವ ಹೆಂಗಸನ್ನು ಬರೆಯಬೇಕಾದಾಗ, ಸೊಂಟಕ್ಕೆ ಕೈಯಿಟ್ಟು ಬೈಯುವ ಆಕೃತಿ ತಾನಾಗಿ ಕೈಗೆ ಬರುತ್ತದೆ. ಅದನ್ನು ಬದಿಗಿಟ್ಟು ಒಂದು ಮುಂಜಾನೆ ಮಲ್ಪೆಯ ಬಂದರಿಗೆ ಹೋಗಿ, ಅನುಮತಿ ಕೇಳಿ, ಹತ್ತು ಜನರ ಚಿತ್ರ ಬರೆಯಿರಿ. ಕನ್ನಡಕ ಸರಿಪಡಿಸಿಕೊಂಡು ಲೆಕ್ಕ ಬರೆಯುವವರು, ಮೊಬೈಲಿನಲ್ಲಿ ಮೆಲುದನಿಯಲ್ಲಿ ಮಗಳ ಪರೀಕ್ಷೆಯ ವಿಷಯ ಕೇಳುವವರು, ಬಂಗುಡೆಯ ಬುಟ್ಟಿಯ ಪಕ್ಕದಲ್ಲಿ ಸುಮ್ಮನೆ ಕಡಲನ್ನು ನೋಡುತ್ತ ಕುಳಿತವರು, ಎಲ್ಲರೂ ಅಲ್ಲಿ ನಿಮಗೆ ಸಿಗುತ್ತಾರೆ.