ಕಾನೂನು ಇದೆ, ಹಣ ಬರಬೇಕು

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ಬಡ ಕುಟುಂಬಕ್ಕೆ ಮನೆ ಬಾಡಿಗೆಯ ನೆರವಿಗೆ ಎಷ್ಟು ಹಣ ಅಂತ ತೀರ್ಮಾನಿಸುವವರು ಯಾರು? ಅಧ್ಯಕ್ಷರೇ ಇರಬೇಕು ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಅಲ್ಲಿನ ಸಂವಿಧಾನದ ಪ್ರಕಾರ, ಕಾಂಗ್ರೆಸ್ ಕಾನೂನು ಮಾಡಿ ಮಂಜೂರು ಮಾಡದೆ ಬೊಕ್ಕಸದಿಂದ ಒಂದು ಡಾಲರ್ ಕೂಡ ಹೊರಗೆ ಬರುವಂತಿಲ್ಲ. ಕಾಂಗ್ರೆಸ್ ಅಂದರೆ ಅವರ ಸಂಸತ್ತು.

ಒಂದು ಕಾನೂನಿನಿಂದ ಯೋಜನೆ ಹುಟ್ಟುತ್ತದೆ. ಅಷ್ಟರಿಂದಲೇ ಅದಕ್ಕೆ ಹಣ ಬರುವುದಿಲ್ಲ. ಹಣಕ್ಕೆ ವರ್ಷವರ್ಷವೂ ಬೇರೆ ಮಸೂದೆ ಪಾಸಾಗಬೇಕು. ಇಂಥ 12 ಮಸೂದೆಗಳಲ್ಲಿ ಒಂದು ಸಾರಿಗೆ ಇಲಾಖೆಗೂ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಗೂ ಸೇರಿದ್ದು. ಅದನ್ನು ಬರೆಯುವುದು ಒಂದು ಉಪಸಮಿತಿ. ಕಾಂಗ್ರೆಸ್‌ನ ಎರಡು ಸದನಗಳಲ್ಲೂ ಇಂಥ ಉಪಸಮಿತಿ ಇದೆ, ಪ್ರತಿನಿಧಿ ಸಭೆಯಲ್ಲಿ ಒಂದು, ಸೆನೆಟ್‌ನಲ್ಲಿ ಒಂದು. ಇಷ್ಟು ಹಣದೊಳಗೆ ಮುಗಿಸಿ ಅಂತ ಅದಕ್ಕೆ ಮಿತಿ ಹಾಕಿರುತ್ತಾರೆ. ಸಾರಿಗೆ ಇಲಾಖೆಗೆ ಸೇರಿದ ವಿಮಾನ ಸಂಚಾರದ ನಿಯಂತ್ರಣಕ್ಕೆ ಜಾಸ್ತಿ ಕೊಟ್ಟರೆ ಬಾಡಿಗೆ ನೆರವಿಗೆ ಉಳಿಯುವುದು ಕಡಿಮೆ.

ಹೆದ್ದಾರಿಯ ಕತೆ ಸ್ವಲ್ಪ ಬೇರೆ. ಅದಕ್ಕೆ 1956ರಿಂದ ಪ್ರತ್ಯೇಕ ನಿಧಿ ಇದೆ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ನಮ್ಮ ಕನ್ನಡದವರು ಕಾರಿಗೆ ಪೆಟ್ರೋಲ್ ಹಾಕಿಸಿದಾಗ ಗ್ಯಾಲನ್‌ಗೆ 18.4 ಸೆಂಟ್ ಕೇಂದ್ರ ತೆರಿಗೆ ಕಟ್ಟುತ್ತಾರೆ, ಅದರ ಬಹುಪಾಲು ಈ ನಿಧಿಗೆ ಹೋಗುತ್ತದೆ. 1993ರಿಂದ ಈ ದರ ಬದಲಾಗಿಲ್ಲ. ರಸ್ತೆ ಮಾಡುವ ಖರ್ಚು ಮಾತ್ರ ಏರುತ್ತಲೇ ಇದೆ. ಹಾಗಾಗಿ 2008ರಿಂದ ಮತ್ತೆ ಮತ್ತೆ ಸಾಮಾನ್ಯ ಬೊಕ್ಕಸದಿಂದ ತಂದು ಈ ನಿಧಿಗೆ ತುಂಬಿಸಿದ್ದಾರೆ.

ಬಾಡಿಗೆ ನೆರವಿಗೆ ಅಂಥ ಆಸರೆ ಇಲ್ಲ. ಈ ನೆರವು ಕೊಡುವ ವೋಚರ್ ಯೋಜನೆಯ ಬೇರು 1974ರ ಕಾನೂನಿನಲ್ಲಿದೆ. ಕುಟುಂಬ ತನ್ನ ಆದಾಯದಲ್ಲಿ ಸುಮಾರು ಶೇಕಡ 30ರಷ್ಟನ್ನು ಬಾಡಿಗೆಗೆ ಕೊಡುತ್ತದೆ. ಉಳಿದದ್ದನ್ನು, ಒಂದು ಮಿತಿಯವರೆಗೆ, ಸ್ಥಳೀಯ ವಸತಿ ಸಂಸ್ಥೆ ಮನೆ ಮಾಲೀಕರಿಗೆ ಕಟ್ಟುತ್ತದೆ. ಸುಮಾರು 23 ಲಕ್ಷ ಕುಟುಂಬಗಳು ಹೀಗೆ ಬದುಕುತ್ತಿವೆ. ಆದರೆ ಬಾಡಿಗೆಗೆ ಕೇಂದ್ರದ ನೆರವು ಪಡೆಯಲು ಅರ್ಹರಾದ ನಾಲ್ಕು ಕುಟುಂಬಗಳಲ್ಲಿ ಅದು ಸಿಗುವುದು ಹೆಚ್ಚುಕಡಿಮೆ ಒಂದಕ್ಕೆ. ಮಿಕ್ಕವರು ವರ್ಷಗಟ್ಟಲೆ ಕಾಯಬೇಕು. ಎಷ್ಟೋ ಊರುಗಳಲ್ಲಿ ಕಾಯುವವರ ಪಟ್ಟಿಗೆ ಹೊಸ ಹೆಸರು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದ್ದಾರೆ.

ವಯಸ್ಸಾದವರ ಪಿಂಚಣಿಗೆ ಅರ್ಹತೆ ಇದ್ದರೆ ಸಾಕು, ಅದು ಸಿಗಲೇಬೇಕು. ಬಾಡಿಗೆ ನೆರವಿಗೆ ಹಾಗಿಲ್ಲ. ಹಣ ಇದ್ದಷ್ಟು ಜನಕ್ಕೆ ಮಾತ್ರ. ಊರಿನ ಬಾಡಿಗೆ ಏರಿದರೆ, ಈಗಾಗಲೇ ವೋಚರ್ ಇರುವವರನ್ನು ಅದೇ ಮನೆಯಲ್ಲಿ ಉಳಿಸಲಿಕ್ಕೇ ಹೆಚ್ಚು ಹಣ ಬೇಕು. ಹೋದ ವರ್ಷಕ್ಕಿಂತ ಜಾಸ್ತಿ ಕೊಟ್ಟೆವು ಅಂತ ಉಪಸಮಿತಿ ಹೇಳಿದರೆ ಅದು ನಿಜವೇ ಇರಬಹುದು. ಆದರೂ ಹೊಸದಾಗಿ ಒಂದು ಕುಟುಂಬಕ್ಕೂ ನೆರವು ಸಿಕ್ಕಿರಲಿಕ್ಕಿಲ್ಲ. ಇದು ನನಗೆ ಬಹಳ ನೋವಿನ ಸಂಗತಿ.

ಕೊಟ್ಟ ಹಣ ಖರ್ಚಾಯಿತೇ ಅಂತ ನೋಡುವುದೂ ಕಾಂಗ್ರೆಸ್‌ನ ಕೆಲಸ. ಇಲಾಖೆಯ ಮುಖ್ಯಸ್ಥರು ಉಪಸಮಿತಿಯ ಮುಂದೆ ಕೂತು ಉತ್ತರ ಕೊಡಬೇಕು. 1921ರಲ್ಲಿ ಶುರುವಾದ ಲೆಕ್ಕ ತಪಾಸಣೆ ಸಂಸ್ಥೆಯೊಂದು ಕಾಂಗ್ರೆಸ್‌ಗೆ ವರದಿ ಕೊಡುತ್ತದೆ. ಅಧ್ಯಕ್ಷ ನಿಕ್ಸನ್ ಮಂಜೂರಾದ ಹಣವನ್ನು ತಡೆಹಿಡಿದಿದ್ದರು. ಅದರಲ್ಲಿ ಹೆದ್ದಾರಿಯ ಹಣವೂ ಇತ್ತು, ವಸತಿಯ ಹಣವೂ ಇತ್ತು. ಹಾಗೆ ಸುಮ್ನೆ ತಡೆಯಬಾರದು ಅಂತ 1974ರಲ್ಲಿ ಕಾಂಗ್ರೆಸ್ ಕಾನೂನು ಮಾಡಿತು.

ಕಾಂಗ್ರೆಸ್ಸೇ ತಡ ಮಾಡಿದರೆ? ಅಲ್ಲಿ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಮಸೂದೆಯೂ ಇಲ್ಲ, ತಾತ್ಕಾಲಿಕ ಏರ್ಪಾಡೂ ಇಲ್ಲ ಅಂದರೆ ಕಚೇರಿಗಳು ಮುಚ್ಚುತ್ತವೆ. 2018ರ ಡಿಸೆಂಬರ್‌ನಲ್ಲಿ ಹೀಗೆ ಮುಚ್ಚಿದ್ದು 35 ದಿನ ನಡೆಯಿತು. ಬಡವರಿಗೆ ಮನೆ ಕೊಟ್ಟಿದ್ದ ಕಟ್ಟಡಗಳ ಮಾಲೀಕರ ಜೊತೆ ವಸತಿ ಇಲಾಖೆಗಿದ್ದ ನೂರಾರು ಬಾಡಿಗೆ ನೆರವಿನ ಒಪ್ಪಂದಗಳು ನವೀಕರಣವಾಗದೆ ನಿಂತವು. ವಿಮಾನ ಸಂಚಾರ ನಿಯಂತ್ರಕರು ಸಂಬಳವಿಲ್ಲದೆ ದುಡಿದರು. 2019ರ ಜನವರಿ 25ರ ಬೆಳಿಗ್ಗೆ ಸಿಬ್ಬಂದಿ ಸಾಲದೆ ನ್ಯೂಯಾರ್ಕ್‌ನ ಲಗಾರ್ಡಿಯಾ ವಿಮಾನ ನಿಲ್ದಾಣಕ್ಕೆ ಹೋಗುವ ವಿಮಾನಗಳನ್ನು ಸ್ವಲ್ಪ ಹೊತ್ತು ತಡೆದರು. ಅದೇ ದಿನ ರಾಜಿಯಾಗಿ ಕಚೇರಿಗಳು ತೆರೆದವು. ಬಾಡಿಗೆ ಒಪ್ಪಂದಗಳು ವಾರಗಟ್ಟಲೆ ನಿಂತಿದ್ದಾಗ ಆ ಅವಸರ ಯಾರಲ್ಲೂ ಕಾಣಲಿಲ್ಲ.

ನಮಸ್ಕಾರ.