ನೆಲ ಡೊಂಕಿರುವಾಗ ಕುಣಿಯುವುದು

ಕೇಳುಗರಿಗೆ ನಮಸ್ಕಾರ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಒಂದು ಗಾದೆ ಇದೆ. ಸಾಫ್ಟ್‌ವೇರ್ ಕೆಲಸ ಹುಡುಕುತ್ತಿರುವವರಿಗೆ ಈ ಗಾದೆ ಹೇಳುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಯಾಕೆಂದರೆ ಈಚಿನ ವರ್ಷಗಳಲ್ಲಿ ನೆಲ ನಿಜವಾಗಿಯೂ ಡೊಂಕಾಗಿದೆ. 2022ರ ನವೆಂಬರ್‌ನಲ್ಲಿ ಮೆಟಾ ಕಂಪನಿ 11,000 ಜನರನ್ನು ಮನೆಗೆ ಕಳಿಸಿತು. ಎರಡೇ ತಿಂಗಳಲ್ಲಿ, 2023ರ ಜನವರಿಯಲ್ಲಿ, ಗೂಗಲ್ 12,000, ಮೈಕ್ರೋಸಾಫ್ಟ್ 10,000, ಅಮೆಜಾನ್ 18,000 ಕೆಲಸಗಳನ್ನು ತೆಗೆಯುವುದಾಗಿ ಹೇಳಿದವು. ಹಾಗೆ ಹೊರಗೆ ಬಂದವರಲ್ಲಿ ಪಳಗಿದ ಕೈಗಳು ಬೇಕಾದಷ್ಟಿದ್ದವು. ಅವರೂ ಅರ್ಜಿ ಹಾಕಿದರು. ಹೊಸಬರು ಹಾಕಿದ ಕಡೆಗೇ ಹಾಕಿದರು. ಅಷ್ಟರಲ್ಲಿ ಕೋಡ್ ಬರೆದುಕೊಡುವ ಎಐ ಬೇರೆ ಬಂತು.

ಹಾಗಾಗಿ ಕೆಲಸ ಸಿಕ್ಕಿಲ್ಲ ಅಂದ ಮಾತ್ರಕ್ಕೆ ನೀವು ದಡ್ಡರಲ್ಲ. ಆದರೆ ನೆಲ ಡೊಂಕು ಅಂತ ಗೊತ್ತಾದ ಮೇಲೆ ಕಾಲು ಎಲ್ಲಿಡುತ್ತೇವೆ ಅಂತ ನೋಡಿಕೊಳ್ಳಬೇಕು, ಅಲ್ವಾ? ಇವತ್ತಿನ ಮಾತು ಅದರ ಬಗ್ಗೆ.

ನಾನು ಇಂಟರ್ವ್ಯೂ ಮೇಜಿನ ಎರಡೂ ಕಡೆ ಕೂತಿದ್ದೇನೆ. ಪ್ರಶ್ನೆ ಕೇಳುವ ಕಡೆಯಿಂದ ಏನು ಕಾಣುತ್ತದೆ ಅಂತ ಹೇಳುತ್ತೇನೆ.

ಫಿಜ್‌ಬಜ್ ಅಂತ ಒಂದು ಹಳೆಯ ಪ್ರಶ್ನೆ ಇದೆ. 1ರಿಂದ 100ರವರೆಗೆ ಅಂಕಿಗಳನ್ನು ಪ್ರಿಂಟ್ ಮಾಡಬೇಕು. 3ರಿಂದ ಭಾಗವಾದರೆ ಅಂಕಿಯ ಬದಲು ಫಿಜ್, 5ರಿಂದ ಭಾಗವಾದರೆ ಬಜ್, ಎರಡರಿಂದಲೂ ಭಾಗವಾದರೆ ಫಿಜ್‌ಬಜ್. ಅಷ್ಟೇ. ಕೇಳಿದ ಕೂಡಲೇ ಕೆಲವರ ಮುಖದಲ್ಲಿ ಸಣ್ಣ ನಗು ಬರುತ್ತದೆ. 'ಇದನ್ನಾ ಕೇಳೋದು?' ಅನ್ನುವ ಥರ. ಬೇಗ ಬೇಗ ಬರೆಯುತ್ತಾರೆ. ಮೊದಲು 3ರ ಪರೀಕ್ಷೆ. ಅದಲ್ಲದಿದ್ದರೆ 5ರದು. ಅದೂ ಅಲ್ಲದಿದ್ದರೆ ಎರಡೂ ಸೇರಿದ್ದು. ಈಗ 15 ಬಂದಾಗ ಏನಾಗುತ್ತದೆ? ಅದು 3ರಿಂದ ಭಾಗವಾಗುತ್ತದೆ, ಹಾಗಾಗಿ ಮೊದಲನೇ ಸಾಲಲ್ಲೇ ಫಿಜ್ ಅಂತ ಪ್ರಿಂಟ್ ಆಗಿ ಮುಗಿಯುತ್ತದೆ. ಮೂರನೇ ಪರೀಕ್ಷೆಯಲ್ಲಿ ಯಾವ ಅಂಕಿಯೂ ಯಾವತ್ತೂ ಪಾಸಾಗುವುದಿಲ್ಲ.

ಈ ತಪ್ಪು ದೊಡ್ಡದಲ್ಲ. ಅವಸರದಲ್ಲಿ ಯಾರು ಬೇಕಾದರೂ ಮಾಡುವಂಥದ್ದು. ಎದುರು ಕೂತವರು ಕಾಯುವುದು ಅದರ ನಂತರದ ಅರ್ಧ ನಿಮಿಷಕ್ಕೆ. 'ಒಂದ್ಸಲ 15 ಹಾಕಿ ನೋಡೋಣವಾ?' ಅಂತ ಕೇಳುತ್ತೇವೆ. ಒಬ್ಬರು 'ಇಲ್ಲ ಸರ್, ಸರಿಯಾಗೇ ಇದೆ, ಇದನ್ನ ಎಷ್ಟೋ ಸಲ ಬರೆದಿದ್ದೀನಿ' ಅನ್ನುತ್ತಾರೆ. ಇನ್ನೊಬ್ಬರು ಬೆವರಿಬಿಡುತ್ತಾರೆ. 'ಸಾರಿ ಸರ್, ಟೆನ್ಷನ್ ಆಗೋಯ್ತು, ದಯವಿಟ್ಟು ಇನ್ನೊಂದು ಚಾನ್ಸ್ ಕೊಡಿ' ಅನ್ನುತ್ತಾರೆ. ಮತ್ತೊಬ್ಬರು ಮಾತೇ ಆಡದೆ ಪೆನ್ನಿನ ತುದಿಯನ್ನು ಮೊದಲನೇ ಸಾಲಿನ ಮೇಲೆ ಇಟ್ಟು, 15 ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತಾರೆ. 'ಓ, ಇಲ್ಲೇ ನಿಂತುಬಿಡುತ್ತೆ. ಕೊನೇದನ್ನ ಮೇಲಕ್ಕೆ ತರಬೇಕು' ಅನ್ನುತ್ತಾರೆ.

ಮೊದಲನೆಯವರದು ಜಂಬ, ಎರಡನೆಯವರದು ವಿನಯ ಅಂತ ನಿಮಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಇಬ್ಬರ ಗಮನವೂ ತಮ್ಮ ಮೇಲೇ ಇತ್ತು. ಒಬ್ಬರಿಗೆ ತಮ್ಮ ಮರ್ಯಾದೆಯ ಚಿಂತೆ, ಇನ್ನೊಬ್ಬರಿಗೆ ತಮ್ಮ ಗತಿ ಏನಪ್ಪಾ ಅನ್ನುವ ಚಿಂತೆ. ಕೋಡ್ ನೋಡಿದ್ದು ಆ ಮೂರನೆಯವರು ಮಾತ್ರ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲಸವಿಲ್ಲದೆ ತಿಂಗಳುಗಳು ಉರುಳಿದಾಗ ಸುತ್ತಲಿನವರು ಕೊಡುವ ಬುದ್ಧಿಮಾತು ಒಂದೇ: 'ಸ್ವಲ್ಪ ತಗ್ಗಿ ಬಗ್ಗಿ ನಡಿ.' ಅದನ್ನು ಕೇಳಿ ಕೇಳಿ ಕೆಲವರು ಮೇಲ್ ಬರೆಯುತ್ತಾರೆ. ಯಾವ ಕೆಲಸ ಆದರೂ ಪರವಾಗಿಲ್ಲ, ಎಷ್ಟು ಸಂಬಳ ಆದರೂ ಪರವಾಗಿಲ್ಲ ಅಂತ. ಓದಿದವರಿಗೆ ಅಯ್ಯೋ ಅನ್ನಿಸುತ್ತದೆ, ನಿಜ. ಆದರೆ ಇವರಿಗೆ ಏನು ಬರುತ್ತದೆ, ಯಾವ ತಂಡಕ್ಕೆ ಹಾಕಬೇಕು ಅನ್ನುವುದು ತಿಳಿಯುವುದಿಲ್ಲ. ಮೇಲ್ ಅಲ್ಲಿಗೇ ನಿಲ್ಲುತ್ತದೆ. ಟೆಸ್ಟಿಂಗ್, ಸಪೋರ್ಟ್‌ನಂಥ ಕೆಲಸದಿಂದ ಶುರು ಮಾಡುವುದರಲ್ಲಿ ಯಾವ ಕೀಳೂ ಇಲ್ಲ. ಆದರೆ 'ಬಗ್ ಹಿಡಿಯೋದು ನನಗೆ ಚೆನ್ನಾಗಿ ಬರುತ್ತೆ' ಅಂತ ಹೇಳಿ ಕೇಳಿ. ಬೇರೇನೂ ಸಿಗಲಿಲ್ಲ ಅಂತ ಹೇಳಿ ಕೇಳಬೇಡಿ.

ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರ ಹೆಸರು ಅಲ್ಗಾರಿದಮ್ ಓದಿದವರಿಗೆಲ್ಲ ಗೊತ್ತು. ಹತ್ತಿರದ ದಾರಿ ಹುಡುಕುವ ಅಲ್ಗಾರಿದಮ್ ಅವರದೇ. 1972ರಲ್ಲಿ, ಕಂಪ್ಯೂಟರ್ ಸೈನ್ಸ್‌ನ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯ ಭಾಷಣದಲ್ಲಿ, ಅವರು ಪ್ರೋಗ್ರಾಮರ್‌ಗೆ ಬೇಕಾದ ವಿನಯದ ಬಗ್ಗೆಯೇ ಮಾತಾಡಿದರು. ಕೆಲಸ ಬಲ್ಲವನಿಗೆ ತನ್ನ ತಲೆಬುರುಡೆಯೊಳಗೆ ಎಷ್ಟು ಹಿಡಿಸುತ್ತದೆ ಅಂತ ಚೆನ್ನಾಗಿ ಗೊತ್ತಿರುತ್ತದೆ, ಅದಕ್ಕೇ ಅವನು ಅತಿಜಾಣತನದ ಕೋಡ್ ಬರೆಯುವುದಿಲ್ಲ ಅನ್ನುವುದು ಅವರ ಮಾತಿನ ಹುರುಳು.

ಡೈಕ್‌ಸ್ಟ್ರಾ ಸುಮ್ನೆ ಮಾತಿಗೆ ಹೇಳಿದ್ದಲ್ಲ. ಬೈನರಿ ಸರ್ಚ್ ಅಂದರೆ ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಅರ್ಧ ಅರ್ಧ ಮಾಡುತ್ತಾ ಹುಡುಕುವುದು. ಜಾವಾ ಭಾಷೆಯ ಲೈಬ್ರರಿಗೆ ಅದನ್ನು ಬರೆದವರು ಜೋಶುವಾ ಬ್ಲಾಕ್. ಅದರಲ್ಲಿ ತಪ್ಪಿದೆ ಅಂತ 2006ರಲ್ಲಿ ಅವರೇ ಎಲ್ಲರಿಗೂ ತಿಳಿಸಿದರು. ನಡುವಿನ ಜಾಗ ಹುಡುಕಲು ಪಟ್ಟಿಯ ಎರಡು ತುದಿಗಳ ಅಂಕಿಗಳನ್ನು ಕೂಡಿಸಿ ಎರಡರಿಂದ ಭಾಗಿಸುವ ಒಂದು ಸಾಲು. ಪಟ್ಟಿ ವಿಪರೀತ ಉದ್ದವಾದರೆ ಆ ಮೊತ್ತ ಕಂಪ್ಯೂಟರ್ ಅಂಕಿಗೆ ಇಟ್ಟ ಜಾಗದಲ್ಲಿ ಹಿಡಿಸದೆ ಮೈನಸ್ ಆಗಿಬಿಡುತ್ತದೆ. ಸುಮಾರು ಒಂಬತ್ತು ವರ್ಷ ಅದು ಹಾಗೇ ಕೂತಿತ್ತು. ನಾವೆಲ್ಲ ಇಂಟರ್ವ್ಯೂಗೆ ಬಾಯಿಪಾಠ ಮಾಡುವ ಸಾಲು ಅದೇ!

ಇನ್ನು ರೆಸ್ಯೂಮೆ. ಅರ್ಜಿಗಳನ್ನು ಸೋಸುವ ಫಿಲ್ಟರ್ ದಾಟಬೇಕು ಅಂತ ಕಂಡ ಕಂಡ ಟೆಕ್ನಾಲಜಿಯ ಹೆಸರೆಲ್ಲ ತುಂಬುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಬರೆದ ಒಂದೊಂದು ಹೆಸರಿನ ಮೇಲೂ ಪ್ರಶ್ನೆ ಬರಬಹುದು. ಒಮ್ಮೆ ಒಬ್ಬ ಹುಡುಗಿಗೆ ರೆಡಿಸ್ ಅನ್ನುವ ಸಾಫ್ಟ್‌ವೇರ್ ಬಗ್ಗೆ ಕೇಳಿದೆ. ಅವಳ ರೆಸ್ಯೂಮೆಯಲ್ಲಿ ಅದು ಇರಲಿಲ್ಲ, ನಮ್ಮ ಕೆಲಸಕ್ಕೆ ಬೇಕಿತ್ತು. 'ಬಳಸಿಲ್ಲ ಸರ್. ಪದೇ ಪದೇ ಬೇಕಾಗೋ ಡೇಟಾನ ಮೆಮೊರಿಯಲ್ಲಿ ಇಡುತ್ತೆ ಅಂತ ಮಾತ್ರ ಗೊತ್ತು. ನನ್ನ ಪ್ರಾಜೆಕ್ಟ್‌ನಲ್ಲಿ ಅದಕ್ಕೆ ಒಂದು ಸಾದಾ ಹ್ಯಾಷ್‌ಮ್ಯಾಪ್ ಇಟ್ಟಿದ್ದೆ. ಸರ್ವರ್ ರೀಸ್ಟಾರ್ಟ್ ಆದ್ರೆ ಎಲ್ಲ ಹೋಗ್ತಿತ್ತು' ಅಂದಳು. ಗೊತ್ತಿಲ್ಲ ಅನ್ನುವುದನ್ನು ಇಷ್ಟು ಚೆನ್ನಾಗಿ ಹೇಳಬಹುದು. ಅವಳಿಗೆ ಎಲ್ಲಿಯವರೆಗೆ ಗೊತ್ತು, ಎಲ್ಲಿಂದ ಗೊತ್ತಿಲ್ಲ ಅನ್ನುವುದು ನಮಗೆ ಒಂದೇ ಉಸಿರಿಗೆ ತಿಳಿದುಹೋಯಿತು. ಮುಂದಿನ ಪ್ರಶ್ನೆ ಆ ಹ್ಯಾಷ್‌ಮ್ಯಾಪ್ ಮೇಲೇ ಹೋಯಿತು, ಅಂದರೆ ಅವಳಿಗೆ ಬರುವ ವಿಷಯದ ಮೇಲೆ.

ಸರಿ, ಎಲ್ಲ ಚೆನ್ನಾಗಿ ಮಾಡಿಯೂ ಕೆಲಸ ಸಿಗಲಿಲ್ಲ ಅನ್ನಿ. ಆಗ ಸಿಟ್ಟು ಬರುತ್ತದೆ. ಬರಲಿ. ಮ್ಯಾಕ್ ಕಂಪ್ಯೂಟರ್ ಬಳಸುವ ಪ್ರೋಗ್ರಾಮರ್‌ಗಳಿಗೆ ಹೋಮ್‌ಬ್ರೂ ಗೊತ್ತಿರುತ್ತದೆ. ಬೇಕಾದ ಸಾಫ್ಟ್‌ವೇರ್ ಹಾಕಿಕೊಳ್ಳುವುದಕ್ಕೆ ಇರುವ ಸಾಧನ ಅದು. ಅದನ್ನು ಶುರು ಮಾಡಿದ ಮ್ಯಾಕ್ಸ್ ಹೊವೆಲ್ ಅವರನ್ನು 2015ರಲ್ಲಿ ಗೂಗಲ್ ಬೇಡ ಅಂದಿತು. ನಿಮ್ಮ ಇಂಜಿನಿಯರ್‌ಗಳಲ್ಲಿ ನೂರಕ್ಕೆ 90 ಜನ ನನ್ನ ಸಾಫ್ಟ್‌ವೇರ್ ಬಳಸುತ್ತಾರೆ, ಬೋರ್ಡ್ ಮೇಲೆ ಬೈನರಿ ಟ್ರೀ ಅನ್ನುವ ಡೇಟಾ ಜೋಡಣೆಯನ್ನು ತಿರುಗಿಸಿ ಬರೆಯಲಿಲ್ಲ ಅಂತ ನಾನು ಬೇಡವಾ ಅನ್ನುವ ಅರ್ಥದಲ್ಲಿ, ಒಂದು ಬೈಗುಳವನ್ನೂ ಸೇರಿಸಿ, ಅವರು ಟ್ವೀಟ್ ಮಾಡಿದರು. ಅದು ಜಗತ್ತೆಲ್ಲ ಸುತ್ತಿತು. ಇಂಟರ್ವ್ಯೂ ಪದ್ಧತಿಯನ್ನು ಬೈಯುವವರು ಇವತ್ತಿಗೂ ಅದನ್ನೇ ಎತ್ತಿ ತೋರಿಸುತ್ತಾರೆ.

ಅದರ ಮುಂದಿನ ಕತೆಯನ್ನು ಜಾಸ್ತಿ ಜನ ಹೇಳುವುದಿಲ್ಲ. ಆ ಟ್ವೀಟ್ ನ್ಯಾಯವಾಗಿರಲಿಲ್ಲ ಅಂತ ಹೊವೆಲ್ ಅವರೇ ಆಮೇಲೆ ಬರೆದರು. ತನಗೆ ಕಂಪ್ಯೂಟರ್ ಸೈನ್ಸ್ ಎಷ್ಟೋ ಕಡೆ ಗೊತ್ತಿಲ್ಲ, ತನ್ನ ಜೊತೆ ಏಗುವುದೂ ಕಷ್ಟ ಅಂತ ಒಪ್ಪಿಕೊಂಡರು. ಅದೇ ಬರಹದಲ್ಲಿ, ಆದರೂ ಗೂಗಲ್ ನನ್ನನ್ನು ತಗೋಬೇಕಿತ್ತು, ಜನರಿಗೆ ಇಷ್ಟವಾಗುವ ವಸ್ತು ಮಾಡುವುದು ನನಗೆ ಬರುತ್ತದೆ ಅಂತಲೂ ಹೇಳಿದರು. ನನಗೆ ಆ ಟ್ವೀಟಿಗಿಂತ ಈ ಬರಹವೇ ಇಷ್ಟ. ಇಲ್ಲದ್ದನ್ನು ಇಲ್ಲ ಅಂದರು, ಇದ್ದದ್ದನ್ನು ಮುಚ್ಚಿಡಲಿಲ್ಲ. ಗೂಗಲ್ ಬೇಡ ಅಂದ ಮೇಲೆ ಅವರು ಆಪಲ್‌ನಲ್ಲಿ ಸ್ವಿಫ್ಟ್ ಪ್ಯಾಕೇಜ್ ಮ್ಯಾನೇಜರ್ ಮೇಲೆ ಕೆಲಸ ಮಾಡಿದರು.

ಕೊನೆಯದಾಗಿ, ಗೆಳೆಯರ ಹತ್ತಿರ ಕೇಳುವ ವಿಚಾರ. ಜೊತೆಗೆ ಓದಿದವರು, ಎಷ್ಟೋ ಸಲ ನಿಮಗಿಂತ ಚಿಕ್ಕವರು, ಆಗಲೇ ಕೆಲಸದಲ್ಲಿರುತ್ತಾರೆ. ಅವರನ್ನು ಕೇಳುವುದಕ್ಕೆ ನಾಲಗೆ ಏಳುವುದಿಲ್ಲ. ಎದ್ದರೂ 'ಏನಾದ್ರೂ ಓಪನಿಂಗ್ ಇದ್ಯಾ?' ಅನ್ನುವುದಕ್ಕಿಂತ ಮುಂದೆ ಹೋಗುವುದಿಲ್ಲ. ಅದಕ್ಕೆ ಅವರು 'ಇದ್ರೆ ಹೇಳ್ತೀನಿ ಕಣೋ' ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಬದಲಿಗೆ, ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ನಿಮ್ಮ ಗಿಟ್‌ಹಬ್‌ನಿಂದ ಒಂದೇ ಒಂದು ಫೈಲ್ ಕಳಿಸಿ. 'ಇದು ನಿಮ್ಮ ತಂಡದಲ್ಲಿ ಕೋಡ್ ರಿವ್ಯೂಗೆ ಬಂದಿದ್ರೆ ನೀನು ಏನು ಹೇಳ್ತಿದ್ದೆ?' ಅಂತ ಕೇಳಿ. ಟೆಸ್ಟ್ ಎಲ್ಲಿ, ಈ ಫಂಕ್ಷನ್ ಯಾಕೆ ಇಷ್ಟುದ್ದ ಅಂತ ಅವರು ಕೇಳಿದರೆ ವಾದಕ್ಕೆ ಇಳಿಯಬೇಡಿ. ತಿದ್ದಿ, ಅದೇ ವಾರದಲ್ಲಿ ವಾಪಸ್ ಕಳಿಸಿ. ರೆಫರಲ್ ಕೊಡುವಾಗ ಅವರಿಗೆ ನಿಮ್ಮ ಬಗ್ಗೆ ಬರೆಯುವುದಕ್ಕೆ ಏನಾದರೂ ಬೇಕಲ್ಲ? ಒಂದು ಮಾತು ನೆನಪಿರಲಿ, ಪೂರ್ತಿ ಪ್ರಾಜೆಕ್ಟಿನ ಲಿಂಕ್ ಕಳಿಸಬೇಡಿ. ಅದನ್ನು ಯಾರೂ ತೆಗೆದು ನೋಡುವುದಿಲ್ಲ.

ನಮಸ್ಕಾರ.