ನಕ್ಷೆಯ ಹಸಿರು, ನೆಲದ ಇಂಗಾಲ

ಕೇಳುಗರಿಗೆ ನಮಸ್ಕಾರ.

ಒಂದು ಜಿಲ್ಲೆಯ ನೆಲದಲ್ಲಿ ಎಷ್ಟು ಇಂಗಾಲ ಸೇರಿಕೊಂಡಿದೆ ಎಂದು ಲೆಕ್ಕ ಹಾಕುವವರು ಪ್ರತಿಯೊಂದು ಮರವನ್ನೂ ಅಳೆಯುವುದಿಲ್ಲ. ಉಪಗ್ರಹದ ಚಿತ್ರ ನೋಡಿ ಇದು ಕಾಡು, ಇದು ಕುರುಚಲು, ಇದು ಹೊಲ ಎಂದು ನೆಲವನ್ನು ವಿಂಗಡಿಸುತ್ತಾರೆ. ಅದೇ ಭೂಹೊದಿಕೆ ನಕ್ಷೆ. ಒಂದೊಂದು ಬಗೆಯ ನೆಲಕ್ಕೂ ಹೆಕ್ಟೇರಿಗೆ ಇಷ್ಟು ಟನ್ ಇಂಗಾಲ ಎಂಬ ದರವಿರುತ್ತದೆ. ವಿಸ್ತೀರ್ಣವನ್ನು ದರದಿಂದ ಗುಣಿಸಿ ಕೂಡಿದರೆ ಮೊತ್ತ ಸಿಕ್ಕಿತು. ದರದ ಬಗ್ಗೆ ಬೇಕಾದಷ್ಟು ವಾದ ನಡೆಯುತ್ತದೆ. ವಿಸ್ತೀರ್ಣ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ನನ್ನ ತಕರಾರು ಇರುವುದು ಅಲ್ಲೇ.

ನಮ್ಮ ಕಲಬುರಗಿಯ ತೊಗರಿಯನ್ನೇ ನೋಡಿ. ಜೂನ್, ಜುಲೈನಲ್ಲಿ ಬಿತ್ತಿದ್ದು ನವೆಂಬರ್ ಹೊತ್ತಿಗೆ ಆಳೆತ್ತರ ಬೆಳೆದು, ಸಾಲಿಗೆ ಸಾಲು ಕೂಡಿಕೊಂಡು, ಮೇಲಿನಿಂದ ನೋಡುವ ಕಣ್ಣಿಗೆ ದಟ್ಟ ಪೊದೆಯಂತೆ ಕಾಣಬಹುದು. ಮುಂಗಾರಿನಲ್ಲಿ ಮೋಡ ಮುಸುಕಿರುವುದರಿಂದ ಸ್ವಚ್ಛವಾದ ಚಿತ್ರ ಸಿಗುವುದೂ ಹೆಚ್ಚಾಗಿ ಮಳೆಗಾಲ ಮುಗಿದ ಮೇಲೆಯೇ. ಜನವರಿ ಕಳೆಯುವುದರೊಳಗೆ ರಾಶಿ ಮುಗಿದಿರುತ್ತದೆ. ಕಾಳು ದಾಲ್ ಮಿಲ್ಲಿಗೆ, ಹೊಟ್ಟು ದನಕ್ಕೆ, ಕಟ್ಟಿಗೆ ಒಲೆಗೆ. ಎರೆ ಹೊಲ ಬೋಳು. ಅತ್ತ ಚಿಂಚೋಳಿಯದು ಎಲೆ ಉದುರಿಸುವ ಕಾಡು. ಮಾರ್ಚ್ ತಿಂಗಳ ಚಿತ್ರದಲ್ಲಿ ಅಲ್ಲಿ ಬರಿಯ ಕೊಂಬೆಗಳು. ಆದರೆ ಕಾಂಡದ, ಬೇರಿನ ಇಂಗಾಲ ಎಲ್ಲಿಗೂ ಹೋಗಿಲ್ಲ. ನವೆಂಬರಿನ ಚಿತ್ರವೊಂದನ್ನೇ ನಂಬಿದವರು ಹೊಲಕ್ಕೆ ಇಲ್ಲದ ಇಂಗಾಲವನ್ನು ದಯಪಾಲಿಸುತ್ತಾರೆ. ಮಾರ್ಚಿನದನ್ನು ನಂಬಿದವರು ಕಾಡಿನದನ್ನು ಕಿತ್ತುಕೊಳ್ಳುತ್ತಾರೆ. ಒಂದು ವರ್ಷದ ನವೆಂಬರನ್ನು ಮತ್ತೊಂದು ವರ್ಷದ ಮಾರ್ಚಿಗೆ ಹೋಲಿಸಿದರಂತೂ ಯಾರೂ ಕೊಡಲಿ ಮುಟ್ಟದೆಯೇ ಕಾಡು ನಾಶವಾಗಿಬಿಡುತ್ತದೆ! ವರ್ಷವಿಡೀ ತೆಗೆದ ಚಿತ್ರಗಳನ್ನು ಸಾಲಾಗಿಟ್ಟು, ಯಾವ ಹಸಿರು ಯಾವಾಗ ಬಂತು, ಯಾವಾಗ ಹೋಯಿತು ಎಂದು ನೋಡಿದರೆ ಮಾತ್ರ ಹೊಲ ಯಾವುದು, ಕಾಡು ಯಾವುದು ಎಂದು ತಿಳಿಯುತ್ತದೆ.

ಇಂಥ ತಪ್ಪು ಎಷ್ಟು ದುಬಾರಿ? ಉದಾಹರಣೆಗೆಂದು ಕಾಡಿನ ಮರಗಿಡಗಳಲ್ಲಿ ಹೆಕ್ಟೇರಿಗೆ 30 ಟನ್, ಕುರುಚಲಿನಲ್ಲಿ 8 ಟನ್ ಇಂಗಾಲ ಎಂದಿಟ್ಟುಕೊಳ್ಳೋಣ. ಒಂದು ಸಾವಿರ ಹೆಕ್ಟೇರ್ ಕುರುಚಲಿಗೆ ಕಾಡಿನ ಬಣ್ಣ ಬಿದ್ದರೆ 22 ಸಾವಿರ ಟನ್ ಇಂಗಾಲ ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ. ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ ಅದು 80 ಸಾವಿರ ಟನ್ನಿಗೂ ಹೆಚ್ಚು.

ನಕ್ಷೆ ನೆಲವನ್ನು ಚೌಕ ಚೌಕವಾಗಿ ಹಂಚಿ ಒಂದೊಂದಕ್ಕೂ ಒಂದು ಹೆಸರು ಕೊಡುತ್ತದೆ. ಆ ಚೌಕದ ಗಾತ್ರವೂ ಆಟವಾಡುತ್ತದೆ. ಇಡೀ ಜಗತ್ತನ್ನು ತೋರಿಸುವ ಕೆಲವು ನಕ್ಷೆಗಳಲ್ಲಿ ಒಂದು ಚೌಕದ ಬದಿ 500 ಮೀಟರ್, ಅಂದರೆ 25 ಹೆಕ್ಟೇರ್. ಸುರಪುರದ ಕಡೆ ಅಷ್ಟು ಜಾಗದಲ್ಲಿ ಕಾಲುವೆ, ಭತ್ತದ ಗದ್ದೆ, ಹತ್ತಿ ಹೊಲ, ಬಂಡೆಗುಡ್ಡ, ಜಾಲಿ ಎಲ್ಲವೂ ಇರಬಹುದು. ನಕ್ಷೆ ಕೊಡುವುದು ಒಂದೇ ಹೆಸರು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಆ ಬದಿ 10 ಮೀಟರಿಗೆ ಇಳಿದಿದೆ. ಆದರೂ ವ್ಯಾಖ್ಯೆಯ ತೊಡಕು ಉಳಿಯುತ್ತದೆ. ಭಾರತೀಯ ಅರಣ್ಯ ಸಮೀಕ್ಷೆಯ ಪ್ರಕಾರ ಕನಿಷ್ಠ ಒಂದು ಹೆಕ್ಟೇರ್ ಜಾಗದಲ್ಲಿ ಶೇಕಡಾ 10ರಷ್ಟು ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ. ಮಾವಿನ ತೋಪೂ ಅದರಲ್ಲಿ ಸೇರಬಹುದು. ಬದುವಿನ ಒಂಟಿ ಬೇವು ಸೇರುವುದಿಲ್ಲ, ಅದನ್ನು ಬೇರೆ ಸಮೀಕ್ಷೆಯಲ್ಲಿ ಎಣಿಸಬೇಕು.

ತಿದ್ದುವ ದಾರಿ ಇದೆ. ನಕ್ಷೆಯ ಮೇಲೆ ಚೀಟಿ ಎತ್ತಿದಂತೆ ಕೆಲವು ಜಾಗಗಳನ್ನು ಆರಿಸಿ, ಅಲ್ಲಿಗೆ ಹೋಗಿ ನೋಡಿ, ನಕ್ಷೆ ಎಷ್ಟು ಕಡೆ ತಪ್ಪಿತು ಎಂದು ಬರೆದುಕೊಂಡು ಅದರಂತೆ ವಿಸ್ತೀರ್ಣವನ್ನು ಸರಿಪಡಿಸುವುದು. ಆಗ ಮೊತ್ತದ ಜೊತೆಗೆ, ಅದು ಎಷ್ಟು ಹೆಚ್ಚುಕಡಿಮೆ ಇರಬಹುದು ಎಂಬುದನ್ನೂ ಹೇಳಬಹುದು. ಆ ಹೆಚ್ಚುಕಡಿಮೆ ಹೇಳದ ಅಂಕಿಯನ್ನು ನಾನು ನಂಬುವುದಿಲ್ಲ.

ಇನ್ನು ಮಣ್ಣು. ಭಾರತದ ಕಾಡುಗಳಲ್ಲೇ ಅರ್ಧಕ್ಕಿಂತ ಹೆಚ್ಚು ಇಂಗಾಲ ಇರುವುದು ಮಣ್ಣಿನಲ್ಲಿ. ಬೀದರಿನ ಜಂಬಿಟ್ಟಿಗೆ ನೆಲದ ಹುಲ್ಲುಗಾವಲು, ಊರ ಪಕ್ಕದ ಗಾಯರಾಣ ಎಂಬ ಗೋಮಾಳ, ಇವು ನಕ್ಷೆಗಳಲ್ಲಿ ಎಷ್ಟೋ ಸಲ ಪಾಳುಭೂಮಿ ಎನಿಸಿಕೊಳ್ಳುತ್ತವೆ. ಪಾಳು ಎಂದ ಮೇಲೆ ಗುಂಡಿ ತೋಡಿ ಸಸಿ ನೆಡುವ ಯೋಜನೆ ಬರುತ್ತದೆ. ಸಸಿ ಎದ್ದರೆ ಮುಂದಿನ ನಕ್ಷೆ ಹಸಿರಾಗುತ್ತದೆ, ಮೊತ್ತವೂ ಏರುತ್ತದೆ. ಹುಲ್ಲಿನ ಬೇರು ಕಟ್ಟಿದ್ದ ಇಂಗಾಲ ಉಳಿಯಿತೇ, ಹೋಯಿತೇ ಎಂದು ತಿಳಿಯಬೇಕಾದರೆ ನೆಡುವ ಮೊದಲೂ ಆಮೇಲೂ ಕನಿಷ್ಠ 30 ಸೆಂಟಿಮೀಟರ್ ಆಳದ ಮಣ್ಣನ್ನು ತೆಗೆದು ಪರೀಕ್ಷಿಸಬೇಕು. ಆ ಕೆಲಸಕ್ಕೆ ಉಪಗ್ರಹ ಬರುವುದಿಲ್ಲ, ಗುದ್ದಲಿಯೇ ಬೇಕು.

ನಮಸ್ಕಾರ.